ಇರಲಿ ಅಂತ

ಹಳೇ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಮೊದಲನೇ ಪಂಗಡದವರು ಕಾರನ್ನು ಷೆಡ್ಡಿನಲ್ಲಿ ನಿಲ್ಲಿಸಿ, ಮೇಲೆ ಹೊದಿಕೆ ಹಾಕಿ, ವರ್ಷಕ್ಕೊಂದು ಸಲ ಆಯುಧಪೂಜೆಯ ದಿನ ಆಚೆ ತಂದು, ಕುಂಬಳಕಾಯಿ ಒಡೆದು, ಮತ್ತೆ ಒಳಗೆ ತಳ್ಳುತ್ತಾರೆ. ತಳ್ಳುತ್ತಾರೆ ಅಂದರೆ ನಿಜವಾಗಿಯೇ, ನಾಲ್ಕು ಜನ ಸೇರಿ. ಇವರಿಂದ ಲೋಕಕ್ಕೆ ಯಾವ ತೊಂದರೆಯೂ ಇಲ್ಲ. ಎರಡನೇ ಪಂಗಡದವರು ಅದೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗುತ್ತಾರೆ. ಹೋಗುವಾಗ ನಮ್ಮನ್ನೂ ಕರೆಯುತ್ತಾರೆ.

ಈ ಎರಡನೇ ಪಂಗಡವನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕಾರಿನ ಹಿಂಭಾಗ ನೆಲಕ್ಕೆ ಕೂತಿರುತ್ತದೆ, ಮೂತಿ ಆಕಾಶಕ್ಕೆ ಎದ್ದಿರುತ್ತದೆ. ಒಳಗೆ ನೋಡಿದರೆ ಓಡಿಸುವವರೊಬ್ಬರೇ. ಭಾರವೆಲ್ಲ ಡಿಕ್ಕಿಯದು. ಆ ಡಿಕ್ಕಿಯಲ್ಲಿ ಇನ್ನೊಂದು ಕಾರಿದೆ, ಬಿಡಿಬಿಡಿಯಾಗಿ.

ನಮ್ಮ ಬೀದಿಯ ರಾಯರದು 1979ರ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಅನ್ನುವ ಹೆಸರು ಆರ್‌ಟಿಓ ಕಾಗದದಲ್ಲಿ ಮಾತ್ರ. ಬೀದಿಗೆಲ್ಲ ಅದು ‘ರಾಯರ ಫಿಯಟ್ಟು’. ಇಟಲಿಯವರ ಫಿಯಟ್ 1100 ಗಾಡಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಕಂಪನಿ 1974ರಲ್ಲಿ ಅದಕ್ಕೆ ರಾಣಿಯ ಹೆಸರಿಟ್ಟಿತು. 1089 ಸಿಸಿ ಇಂಜಿನ್ನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮೂರಕ್ಷರದ ಹಳೇ ನಂಬರು. ರಾಯರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸಾಲ ಕೇಳಲು ಬಂದವನ ಹತ್ತಿರ ಒಬ್ಬರಿಗೆ ಇಬ್ಬರು ಜಾಮೀನು ಕೇಳುತ್ತಿದ್ದ ಅದೇ ಬುದ್ಧಿಯಲ್ಲಿ ಕಾರಿನ ಹತ್ತಿರವೂ ವ್ಯವಹಾರ ಮಾಡುತ್ತಾರೆ. ಕಾರಿನಲ್ಲಿ ಒಂದು ಫ್ಯಾನ್ ಬೆಲ್ಟ್ ಓಡುತ್ತಿದ್ದರೆ ಡಿಕ್ಕಿಯಲ್ಲಿ ಮೂರು ಕಾಯುತ್ತಿರಬೇಕು.

ಯಾಕೆ ಸಾರ್ ಇಷ್ಟೆಲ್ಲ ಅಂತ ಕೇಳಿದರೆ ಒಂದೇ ಉತ್ತರ: “ಇರ್ಲಿ ಅಂತ.”

ಅವರನ್ನು ನೋಡಿ ಒಮ್ಮೆಲೇ ನಕ್ಕುಬಿಡುವುದೂ ಸರಿಯಲ್ಲ. ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ಹತ್ತು ವರ್ಷ ಕಾದವರ ಕಾಲದವರು ಅವರು. ಮದುವೆಗೆ ಮುಂಚೆ ಬರೆಸಿದ ಸ್ಕೂಟರು ಮಗ ಸ್ಕೂಲಿಗೆ ಸೇರುವ ಹೊತ್ತಿಗೆ ಬರುತ್ತಿತ್ತು. ಕಾರಿನ ಕಥೆಯೂ ಹೆಚ್ಚುಕಡಿಮೆ ಅದೇ. ಬಿಡಿಭಾಗ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಬೇಕೋ ಬೇಡವೋ ತಂದಿಡಬೇಕು, ಬೇಕಾದಾಗ ಸಿಗುವುದಿಲ್ಲ ಎಂದು ಆ ಕಾಲ ಕಲಿಸಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಜನ ಡಿಕ್ಕಿಯಲ್ಲಿ ಬಟ್ಟೆಬರೆ ಇಟ್ಟುಕೊಂಡು ಓಡಾಡುವುದನ್ನು ಕಲಿತರು. ರಾಯರು ಮಾತ್ರ ಆ ಹೊಸ ಅಭ್ಯಾಸಕ್ಕೆ ಒಗ್ಗಲಿಲ್ಲ.

ಡಿಕ್ಕಿ ತೆರೆದರೆ ಮೊದಲು ಹೊಡೆಯುವುದು ವಾಸನೆ: ರಬ್ಬರು, ಗ್ರೀಸು, ಪೆಟ್ರೋಲು, ಜೊತೆಗೆ ಸಣ್ಣಗೆ ಅರಿಶಿನ. ಅರಿಶಿನ ಪೂಜೆಗಲ್ಲ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಪುಡಿ ನೀರಿಗೆ ಹಾಕುವುದು, ಅದು ಹೋಗಿ ತೂತಿನಲ್ಲಿ ಕೂತು ಊರು ಮುಟ್ಟುವವರೆಗೆ ಸಂಭಾಳಿಸುತ್ತದೆ. ಪಕ್ಕದಲ್ಲಿ ಒಂದು ಬಾರ್ ಸೋಪು, ಪೆಟ್ರೋಲ್ ಟ್ಯಾಂಕ್ ಸೋರಿದರೆ ತಿಕ್ಕಲು. ಆಮೇಲೆ ಡಬ್ಬಿಗಳು. ಬೋರ್ನ್‌ವಿಟಾ ಡಬ್ಬಿಯಲ್ಲಿ ಪಾಯಿಂಟು, ಕಂಡೆನ್ಸರು, ರೋಟರು. ಹಾರ್ಲಿಕ್ಸ್ ಬಾಟಲಿಯಲ್ಲಿ ನಟ್ಟು, ಬೋಲ್ಟು, ವಾಷರು. ಮಗನ ಹಳೇ ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಬಲ್ಬು, ಕೆಳಗಿನದರಲ್ಲಿ ಫ್ಯೂಸು, ನಡುವಿನದರಲ್ಲಿ ಡೈನಮೋದ ಕಾರ್ಬನ್ ಬ್ರಷ್ಷು. ದೊಡ್ಡ ಸಾಮಾನುಗಳಾದ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪು, ಕ್ಲಚ್ ಪ್ಲೇಟು, ಮೇಲಿನ ಕೆಳಗಿನ ರೇಡಿಯೇಟರ್ ಹೋಸುಗಳು ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಸಿಕೊಂಡು ಮಲಗಿವೆ. ಬಿಚ್ಚಿ ನೋಡಿದರೆ ದೇವೇಗೌಡರು ಪ್ರಧಾನಿಯಾದ ಸುದ್ದಿ ಸಿಗುತ್ತದೆ.

ಪ್ರತಿ ಪೊಟ್ಟಣದ ಮೇಲೂ ಲೆಡ್ಜರ್ ಅಕ್ಷರದಲ್ಲಿ ಒಂದು ಚೀಟಿ. ರಾಯರ ವರ್ಗೀಕರಣ ಮೂರು ಬಗೆಯದು: ‘ಒಳ್ಳೇದು’, ‘ಪರವಾಗಿಲ್ಲ’, ‘ತೀರಾ ಆದರೆ’. ಒಳ್ಳೇದು ಅಂದರೆ ಹೊಸದು, ಮುಟ್ಟದ್ದು. ಪರವಾಗಿಲ್ಲ ಅಂದರೆ ಗುಜರಿಯಲ್ಲಿ ಸಿಕ್ಕಿದ್ದು. ‘ತೀರಾ ಆದರೆ’ ಅನ್ನುವುದು ಕಾರಿನಿಂದಲೇ ಕೆಟ್ಟಿತೆಂದು ಬಿಚ್ಚಿದ ಸಾಮಾನು. ಕೆಟ್ಟಿದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, “ಪೂರ್ತಿ ಕೆಟ್ಟಿಲ್ಲ” ಅನ್ನುತ್ತಾರೆ. ಮೇಸ್ತ್ರಿ ಬಿಚ್ಚಿ ಮೋರಿಯ ಕಡೆ ಎಸೆಯುವುದಕ್ಕೂ ರಾಯರು ಕೈ ಒಡ್ಡುವುದಕ್ಕೂ ನಡುವೆ ಅರ್ಧ ಕ್ಷಣದ ಅಂತರ ಕೂಡ ಇರುವುದಿಲ್ಲ. ಈ ವಯಸ್ಸಿನಲ್ಲಿ ಅಂಥ ಕ್ಯಾಚು ಹಿಡಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಶನಿವಾರ ಬೆಳಿಗ್ಗೆ ಜೆ.ಸಿ. ರೋಡು. ಅಲ್ಲಿನ ಬಹುಪಾಲು ಅಂಗಡಿಗಳಲ್ಲಿ ಈಗ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು, ಬಣ್ಣಬಣ್ಣದ ದೀಪ. ಹಳೇ ಸಾಮಾನು ಇರುವ ಅಂಗಡಿಗಳು ಕಡಿಮೆಯಾಗಿವೆ. ಇದ್ದರೂ ಮಾಲು ಅಟ್ಟದ ಮೇಲೆ, ಅಟ್ಟ ಹತ್ತಬೇಕಾದ ಹುಡುಗ ಊಟಕ್ಕೆ ಹೋಗಿರುತ್ತಾನೆ. ರಾಯರಿಗೆ ಅವಸರವಿಲ್ಲ. ಹುಡುಗ ಬಂದು ಧೂಳು ಹೊಡೆದು ಪೆಟ್ಟಿಗೆ ಇಳಿಸಿದ ಮೇಲೆ ಪರೀಕ್ಷೆ ಶುರು. ಬೆಲ್ಟನ್ನು ಮಡಚಿ ಬಿರುಕು ನೋಡುವುದು. ಹೋಸನ್ನು ಮೂಸುವುದು. ಕಾಯಿಲನ್ನು ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಕೊನೆಗೆ ಕನ್ನಡಕ ಏರಿಸಿ, ಗಲ್ಲಾ ಮೇಲೆ ಕೂತ ಸೇಟುವನ್ನು ನೋಡಿ ಒಂದೇ ಮಾತು: “ಡೆಲ್ಲಿ ಮಾಲು.”

ಡೆಲ್ಲಿ ಮಾಲು ಅಂದರೆ ನಕಲಿ. ಸೇಟು ಎದೆ ಮುಟ್ಟಿಕೊಂಡು ಆಣೆ ಮಾಡುತ್ತಾನೆ. ರಾಯರು ಎದ್ದು ಹೊರಡುತ್ತಾರೆ. ಮೆಟ್ಟಿಲಿನವರೆಗೆ ಹೋಗಿ ವಾಪಸು ಬಂದು, “ಸರಿ ಕೊಡಿ, ಎರಡು ಕೊಡಿ” ಅನ್ನುತ್ತಾರೆ. ನಕಲಿ ಅಂತ ಗೊತ್ತಿದ್ದೂ ಎರಡು ಯಾಕೆ ಅಂದೆ. “ನಕಲಿ ಬೇಗ ಹೋಗತ್ತಲ್ಲ ಸ್ವಾಮಿ, ಅದಕ್ಕೇ ಎರಡು.” ಈ ತರ್ಕಕ್ಕೆ ಎದುರಾಡಲು ನನಗೆ ಇವತ್ತಿನವರೆಗೂ ಬಂದಿಲ್ಲ.

ಇಷ್ಟು ಸಿದ್ಧತೆ ಮಾಡಿಕೊಂಡವರಿಗೆ ಗಾಡಿ ಕೆಡುತ್ತದೆಂಬ ಭಯ ಇರುತ್ತದೆ ಅಂತ ನೀವು ತಿಳಿದಿರಬಹುದು. ಖಂಡಿತ ಇಲ್ಲ. ಭಯ ಇರುವುದು ಕೆಡದೇ ಹೋದರೆ ಅಂತ. ಹೋದ ಯುಗಾದಿಗೆ ಮೇಲುಕೋಟೆಗೆ ಹೋಗಿ ಬಂದರು. ಕಾರು ಗುಟುರು ಕೂಡ ಹಾಕಲಿಲ್ಲ. ಹೇಗಿತ್ತು ಸಾರ್ ಪ್ರಯಾಣ ಅಂದರೆ, “ಏನೋ ಆಯ್ತು” ಅಂದು ಸಪ್ಪಗೆ ಒಳಗೆ ಹೋದರು. ಅದೇ ಕುಣಿಗಲ್ ಹತ್ತಿರ ಪಾಯಿಂಟ್ ಸುಟ್ಟುಹೋಗಿ, ರಸ್ತೆ ಬದಿಯ ಹುಣಸೆಮರದ ಕೆಳಗೆ ಉಪ್ಪುಕಾಗದದಲ್ಲಿ ಅದನ್ನು ಉಜ್ಜಿ, ಯಾರದೋ ವಿಸಿಟಿಂಗ್ ಕಾರ್ಡು ಸಂದಿಗೆ ತೂರಿಸಿ ಅಂತರ ಸರಿಮಾಡಿಕೊಂಡು ಬಂದ ಪ್ರಯಾಣವನ್ನು ಈಗಲೂ ಹೇಳುತ್ತಾರೆ, ಹೇಳುವಾಗ ಆ ವಿಸಿಟಿಂಗ್ ಕಾರ್ಡನ್ನೂ ತೋರಿಸುತ್ತಾರೆ. ಯಾವುದೋ ಕಲ್ಯಾಣಮಂಟಪದ ಮ್ಯಾನೇಜರದು. ಆ ಮಂಟಪದಲ್ಲಿ ಯಾರ ಮದುವೆಗೆ ಹೋಗಿದ್ದರೋ ಅದು ನೆನಪಿಲ್ಲ.

ಅವರ ಮನೆಯವರ ಸಿದ್ಧತೆ ಬೇರೆ ಥರದ್ದು. ಆಕೆಯದು ಒಂದೇ ಚೀಲ. ಅದರಲ್ಲಿ ಥರ್ಮಾಸ್ ಫ್ಲಾಸ್ಕಿನಲ್ಲಿ ಕಾಫಿ, ಒಂದು ಡಬ್ಬಿ ಕೋಡುಬಳೆ, ಎರಡು ವಾರಪತ್ರಿಕೆ, ಬಿಸಿಲಿಗೆ ಛತ್ರಿ, ಕೂರಲು ಮಡಚುವ ಸ್ಟೂಲು. ರಾಯರ ಡಿಕ್ಕಿಯಲ್ಲಿರುವ ನೂರು ಸಾಮಾನಿನಲ್ಲಿ ಒಂದು ಉಪಯೋಗಕ್ಕೆ ಬಂದರೆ ಹೆಚ್ಚು. ಆಕೆಯ ಚೀಲದ್ದು ಒಂದೂ ಉಳಿಯದೆ ಪ್ರತಿ ಸಲ ಉಪಯೋಗಕ್ಕೆ ಬರುತ್ತದೆ. ಗಂಡ ಬಾನೆಟ್ ಎತ್ತಿದ ಸದ್ದು ಕೇಳಿದೊಡನೆ ಸ್ಟೂಲು ಬಿಡಿಸಿ ಕೂರುವ ಆ ಚುರುಕು ನೋಡಬೇಕು. ಒಂದು ಇಡೀ ಧಾರಾವಾಹಿ ಕಾದಂಬರಿಯನ್ನು ಆಕೆ ಹಾಸನ ಜಿಲ್ಲೆಯ ರಸ್ತೆ ಬದಿಗಳಲ್ಲೇ ಓದಿ ಮುಗಿಸಿದ್ದಾರೆ.

ಧರ್ಮಸ್ಥಳದಿಂದ ಬರುವಾಗ ಚಾರ್ಮಾಡಿ ಘಾಟಿ ಹತ್ತಿದ ದಿನ ನಾನೂ ಜೊತೆಯಲ್ಲಿದ್ದೆ. ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಹೆಡ್ ಗ್ಯಾಸ್ಕೆಟ್. ಅದು ಮಡಚಬಾರದಂತೆ, ಡಿಕ್ಕಿಯಲ್ಲಿಟ್ಟರೆ ಬಾಗುತ್ತದಂತೆ, ಆದ್ದರಿಂದ ಅದನ್ನು ಹಿಡಿದು ಕೂರಲು ಒಬ್ಬರು ಬೇಕಂತೆ. ನನ್ನನ್ನು ಅಷ್ಟು ಪ್ರೀತಿಯಿಂದ ಕರೆದದ್ದು ಯಾಕೆಂದು ಉಜಿರೆ ದಾಟಿದ ಮೇಲೆ ಗೊತ್ತಾಯಿತು.

ಫಿಯಟ್ಟಿಗೆ ಘಾಟಿ ಅಂದರೆ ಮೊದಲ ಕಾಯಿಲೆ ಪೆಟ್ರೋಲಿನದು. ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಏರಿನಲ್ಲಿ ಇಂಜಿನ್ನು ಕಾದಾಗ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನು ತಳ್ಳಲಾರದು, ಕಾರು ಕೆಮ್ಮಿ ನಿಲ್ಲುತ್ತದೆ. ಔಷಧಿ ಒದ್ದೆ ಬಟ್ಟೆ. ಅಂದು ಮೂರನೇ ತಿರುವಿನಲ್ಲಿ ಕಾರು ಕೆಮ್ಮಿತು. ರಾಯರು ದೇವರ ದರ್ಶನಕ್ಕೆಂದು ತಂದಿದ್ದ ಅಂಚಿನ ಪಂಚೆಯನ್ನು ನೀರಲ್ಲದ್ದಿ ಪಂಪಿಗೆ ಸುತ್ತಿದರು. ಕೋತಿಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು ನೋಡಿದವು. ಕಾರು ಹೊರಟಿತು. ಇದು ಮಾಮೂಲು, ಇದನ್ನು ರಾಯರು ಕೆಡುವುದು ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೂ ಮೇಲೆ ಹೋದಮೇಲೆ ಫಟ್ ಅಂತ ಸದ್ದಾಯಿತು. ಎದುರಿಗೆ ಕೆಂಪು ದೀಪ ಹತ್ತಿತು. ರಾಯರ ಮುಖದಲ್ಲೂ ಹತ್ತಿತು. “ಫ್ಯಾನ್ ಬೆಲ್ಟು!” ಮೊಮ್ಮಗ ಹುಟ್ಟಿದ ಫೋನು ಬಂದಾಗಲೂ ಅವರ ದನಿ ಅಷ್ಟು ಏರಿರಲಿಲ್ಲ. ಬೆಲ್ಟು ಹೋದರೆ ಫ್ಯಾನು, ನೀರಿನ ಪಂಪು, ಡೈನಮೋ ಮೂರೂ ಬಂದ್. ಮುಂದೆ ಓಡಿಸುವ ಹಾಗಿಲ್ಲ. ಅವರು ಇಳಿದು, ತೋಳು ಮಡಚಿ, ನಿಧಾನವಾಗಿ ಡಿಕ್ಕಿಯ ಕಡೆ ನಡೆದರು. ಎಷ್ಟೋ ವರ್ಷಗಳಿಂದ ಕಾದ ಮುಹೂರ್ತ. ಕೀಲಿ ತೂರಿಸಿ ತಿರುಗಿಸಿದರು.

ಡಿಕ್ಕಿ ತೆಗೆಯಲಿಲ್ಲ.

ಕೀಲಿ ಸುತ್ತ ತಿರುಗುತ್ತದೆ, ಒಳಗೆ ಏನೂ ಆಗುವುದಿಲ್ಲ. ಬೀಗ ಕೆಟ್ಟಿತ್ತು. “ಡಿಕ್ಕಿ ಬೀಗ ಸ್ಪೇರ್ ಇಟ್ಟಿಲ್ವಾ ಸಾರ್?” ಅಂದೆ. ರಾಯರು ಮೊದಲ ಸಲ ನನ್ನ ಮೇಲೆ ಸಿಡುಕಿದರು. “ಇಟ್ಟಿದ್ದೀನಿ ಕಣ್ರೀ. ಒಳಗಿದೆ. ಒಳ್ಳೇದು.”

ಆಕೆ ಆಗಲೇ ಸ್ಟೂಲು ಹಾಕಿ ಕೂತು, ಕೋಡುಬಳೆ ಡಬ್ಬಿಯ ಮುಚ್ಚಳವನ್ನು ಕೋತಿಗಳಿಗೆ ಬೆನ್ನು ಮಾಡಿ ತೆರೆಯುತ್ತಿದ್ದರು. ಆ ಹೊತ್ತಿಗೆ ಮಂಗಳೂರಿನಲ್ಲಿ ತರಕಾರಿ ಇಳಿಸಿ ಖಾಲಿ ಬರುತ್ತಿದ್ದ ಟೆಂಪೊ ಒಂದು ನಿಂತಿತು. ಕ್ಲೀನರ್ ಹುಡುಗ ಇಳಿದು ಬಂದ, ಬೀಗದ ಮೇಲೆ ಒಂದು ಗೇಣು ಬಿಟ್ಟು ಮುಷ್ಟಿಯಲ್ಲಿ ಒಂದು ಗುದ್ದಿದ. “ಏಯ್, ಪೇಂಟು! ಪೇಂಟು!” ಎಂದು ರಾಯರು ಕೂಗುವುದರೊಳಗೆ ಡಿಕ್ಕಿ ಬಾಯಿ ತೆರೆಯಿತು. ಹುಡುಗ ಒಳಗೆ ಇಣುಕಿದ. ಡ್ರೈವರನ್ನೂ ಕರೆದು ತೋರಿಸಿದ. ಆಮೇಲೆ ಬಹಳ ಗೌರವದಿಂದಲೇ ಕೇಳಿದ: “ಯಜಮಾನ್ರೇ, ಎಲ್ಲಾರ ಅಂಗಡಿ ಇಡಾಕ್ ಹೊಂಟೀರೇನು?”

ಮೂರು ಬೆಲ್ಟೂ ಹೊರಗೆ ಬಂದವು. ‘ಒಳ್ಳೇದು’ ಅನ್ನುವುದನ್ನು ಬಿಚ್ಚಿ ಬಗ್ಗಿಸಿದರೆ ಚಟಚಟ ಅಂತ ಬಿರುಕು. ರಬ್ಬರಿಗೆ ಓಡದಿದ್ದರೂ ವಯಸ್ಸಾಗುತ್ತದೆ, ಡಿಕ್ಕಿಯ ಕಾವಿನಲ್ಲಿ ಮಲಗಿದ್ದರೆ ಇನ್ನೂ ಬೇಗ ಆಗುತ್ತದೆ. ‘ಪರವಾಗಿಲ್ಲ’ ಅನ್ನುವುದು ಯಾರಿಗೋ ತಂದ ಅಂಬಾಸಡರ್ ಬೆಲ್ಟು, ಅಳತೆಯೇ ಬೇರೆ. ಉಳಿದದ್ದು ‘ತೀರಾ ಆದರೆ’, ಮೇಸ್ತ್ರಿ ಮೋರಿಗೆ ಎಸೆಯುವಾಗ ಗಾಳಿಯಲ್ಲೇ ಹಿಡಿದದ್ದು. ಡೈನಮೋದ ಬೋಲ್ಟು ಸಡಿಲಿಸಿ, ಬೆಲ್ಟು ಏರಿಸಿ, ಜಾಕಿಯ ರಾಡಿನಲ್ಲಿ ಮೀಟಿ ಬಿಗಿ ಮಾಡಿದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹಾಸನದಲ್ಲಿ ಕಾಫಿ ಕುಡಿದು, ರಾತ್ರಿ ಬೆಂಗಳೂರು ಸೇರಿದೆವು. ಆ ಬೆಲ್ಟು ಈಗಲೂ ಓಡುತ್ತಿದೆ. ಜೆ.ಸಿ. ರೋಡಿನಿಂದ ಹೊಸದಾಗಿ ತಂದ ಮೂರು ಅದರ ಹಿಂದೆ ಡಿಕ್ಕಿಯಲ್ಲಿ ಮುದಿಯಾಗುತ್ತಿವೆ.

ಕಾರಿಗೆ ಉಪಯೋಗವಾಗದಿದ್ದರೇನು, ಬೀದಿಗೆ ಆ ಡಿಕ್ಕಿಯಿಂದ ಆದ ಉಪಕಾರ ಸಣ್ಣದಲ್ಲ. ಎದುರುಮನೆ ಗೇಟು ಕಿರುಗುಟ್ಟಿದರೆ ಗ್ರೀಸು ಅಲ್ಲಿಂದ. ನೀರಿನ ಟ್ಯಾಂಕು ಸೋರಿದರೆ ಎಂ-ಸೀಲು ಅಲ್ಲಿಂದ. ಬೀರು ಎತ್ತಿ ಕೆಳಗೆ ಇಟ್ಟಿಗೆ ಇಡಲು ಜಾಕಿ, ಗಣಪತಿ ಪೆಂಡಾಲಿಗೆ ನೈಲಾನ್ ಹಗ್ಗ, ನಮ್ಮ ಮಿಕ್ಸಿಯ ವೈರಿಗೆ ಇನ್ಸುಲೇಷನ್ ಟೇಪು. ಕೊಟ್ಟ ಪ್ರತಿ ಸಾಮಾನನ್ನೂ ರಾಯರು ಡೈರಿಯಲ್ಲಿ ಬರೆದಿಡುತ್ತಾರೆ, ಬಡ್ಡಿ ಮಾತ್ರ ಹಾಕುವುದಿಲ್ಲ.

ಈ ಜಾತಿ ಫಿಯಟ್ಟಿನವರಲ್ಲಿ ಮಾತ್ರ ಇದೆ ಅಂತಲ್ಲ. ಚೇತಕ್ ಸ್ಕೂಟರಿನವರ ಡಿಕ್ಕಿಯಲ್ಲಿ ಒಂದು ಪ್ಲಗ್ಗು, ಒಂದು ಕ್ಲಚ್ ವೈರು, ಒರೆಸಲು ಒಂದು ಹರಕು ಬನಿಯನ್ನು ಇದ್ದೇ ಇರುತ್ತದೆ. ಮಲೆನಾಡಿನ ತೋಟದ ಜೀಪಿನವರು ಸೀಟಿನ ಕೆಳಗೆ ಆಕ್ಸೆಲ್ಲನ್ನೇ ಇಟ್ಟುಕೊಂಡಿರುತ್ತಾರೆ, ಹಾವು ಬಂದರೆ ಹೊಡೆಯಲೂ ಆಗುತ್ತದೆ. ಮೈಸೂರಿನವರ ಯೆಜ್ಡಿ ಅಭಿಮಾನ ಇನ್ನೊಂದು ತೂಕದ್ದು. ಯಾದವಗಿರಿಯ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅದರ ಬಿಡಿಭಾಗ ಮಾತ್ರ ಊರಿನ ಮನೆಮನೆಯ ಅಟ್ಟದಲ್ಲಿ ಇನ್ನೂ ಇದೆ ಅನ್ನುವುದು ಅವರ ದೃಢ ನಂಬಿಕೆ. ಇದ್ದರೂ ಇರಬಹುದು.

ರಾಯರ ಮಗನದು ಹೊಸ ಕಾರು. ಅದರಲ್ಲಿ ಸ್ಟೆಪ್ನಿಯೇ ಇಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ಎಷ್ಟಿದೆಯೆಂದು ಹೇಳುವ ಸೆನ್ಸರು, ಪಂಕ್ಚರ್ ಹಾಕುವ ಕಿಟ್ಟು ಇಷ್ಟಿದ್ದರೆ ಸ್ಟೆಪ್ನಿ ಇಲ್ಲದೆಯೂ ನಡೆಯುತ್ತದೆ ಅಂತ 2020ರಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಈ ಸುದ್ದಿ ಓದಿದ ದಿನ ರಾಯರು ರಾತ್ರಿ ಊಟ ಬಿಟ್ಟರು. ಮಗನ ಕಾರು ನೆಲಮಂಗಲದ ಹತ್ತಿರ ಒಂದು ದಿನ ಎದುರಿನ ಪರದೆಯಲ್ಲಿ ಹಳದಿ ಚಿತ್ರ ತೋರಿಸಿ ನಿಂತುಬಿಟ್ಟಿತು. ರಾಯರು ಪಕ್ಕದ ಸೀಟಿನಿಂದ ಹುರುಪಿನಲ್ಲಿ ಇಳಿದು ಬಾನೆಟ್ ಎತ್ತಿಸಿದರು. ಒಳಗೆ ಇಡೀ ಇಂಜಿನ್ನಿನ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ.

“ಪಾಯಿಂಟ್ ಎಲ್ಲೋ?”

“ಇದರಲ್ಲಿ ಪಾಯಿಂಟ್ ಇರಲ್ಲಪ್ಪ.”

“ಕಂಡೆನ್ಸರು?”

“ಅದೂ ಇರಲ್ಲ.”

“ಮತ್ತೆ ಕೆಟ್ಟಿದ್ದೇನು?”

“ಸಾಫ್ಟ್‌ವೇರ್ ಇರ್ಬೇಕು.”

ರಾಯರು ಜೇಬಿನಿಂದ ತೆಗೆದ ಹತ್ತು-ಹನ್ನೊಂದರ ಸ್ಪ್ಯಾನರನ್ನು ಮತ್ತೆ ಜೇಬಿಗೇ ಇಟ್ಟರು. ಕಂಪನಿಯವರ ಗಾಡಿ ಬಂದು ಕಾರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುವವರೆಗೆ ಮಗ ಫೋನು ನೋಡುತ್ತಾ ನಿಂತಿದ್ದ. ಸ್ಟೂಲಿರಲಿಲ್ಲ, ಕೋಡುಬಳೆಯಿರಲಿಲ್ಲ. ಇದು ಮಾತ್ರ ನಾನೂ ಒಪ್ಪುತ್ತೇನೆ: ಹಳೇ ಕಾರು ಕೆಟ್ಟರೆ ಸುತ್ತ ಜನ ಸೇರಿ ನೂರು ಸಲಹೆ ಕೊಡುತ್ತಾರೆ, ಹೊಸ ಕಾರು ಕೆಟ್ಟರೆ ನಿಂತು ಕೇಳುವವರೂ ಇಲ್ಲ.

ಈಚೆಗೆ ರಾಯರ ಹೊಸ ವೈರಿ ಎಥನಾಲು. ಪೆಟ್ರೋಲಿಗೆ ನೂರಕ್ಕೆ 20 ಪಾಲು ಅದನ್ನು ಬೆರೆಸುತ್ತಾರೆ, ಹಳೇ ಗಾಡಿಗಳ ರಬ್ಬರಿಗೂ ಗ್ಯಾಸ್ಕೆಟ್ಟಿಗೂ ಅದು ಆಗಿಬರುವುದಿಲ್ಲ. ಪಂಪಿನ ಡಯಾಫ್ರಮ್ಮನ್ನು ಅವರು ಈಗ ಡಜನ್ನಿನ ಲೆಕ್ಕದಲ್ಲಿ ತರುತ್ತಾರೆ. “ಮಂಡ್ಯದ ಕಬ್ಬು ಹಿಂಡಿ ಸಾರಾಯಿ ಮಾಡಿ ಕುಡಿಸಿದ್ರೆ ಕಾರು ಇನ್ನೇನ್ ಮಾಡತ್ತೆ, ತೂರಾಡತ್ತೆ” ಅನ್ನುವುದು ಅವರ ವಾದ.

ಆದರೂ ಅವರಿಗೆ ಒಂದು ಆಸೆ ಇದೆ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಸಿಗುತ್ತದೆ, ಶುಲ್ಕ 20,000 ರೂಪಾಯಿ. 2029ಕ್ಕೆ ಅವರ ಫಿಯಟ್ಟಿಗೆ 50 ತುಂಬುತ್ತದೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ದುರಸ್ತಿ, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು ಎಂದು ನಾನು ಎಚ್ಚರಿಸಿದೆ. ರಾಯರು ನಿಯಮವನ್ನು ಎರಡು ಸಲ ಓದಿ, ‘ದುರಸ್ತಿ’ ಅನ್ನುವ ಪದದ ಕೆಳಗೆ ಗೆರೆ ಎಳೆದು, “ಇನ್ನೇನ್ರೀ ಬೇಕು?” ಅಂದರು.

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ವಯೋಮಿತಿ ಮುಟ್ಟಿ ರಸ್ತೆ ಬಿಟ್ಟಿತು. ಪೇಪರಿನವರೆಲ್ಲ ಒಂದು ಯುಗ ಮುಗಿಯಿತೆಂದು ಮರುಗಿ ಬರೆದರು. ಆ ಪೇಪರು ಹಿಡಿದು ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಮನೆಗೆ ಬಂದ ರಾಯರ ಕಣ್ಣಲ್ಲಿ ಮರುಕವಿರಲಿಲ್ಲ, ಹೊಳಪಿತ್ತು. “ಅಷ್ಟೂ ಟ್ಯಾಕ್ಸಿಯ ಟೈಲ್ ಲ್ಯಾಂಪು ಎಲ್ಲಿ ಹಾಕಿದ್ರಂತೆ? ಏನಾದ್ರೂ ಬರ್ದಿದ್ದಾರಾ ನೋಡಿ.”

ಬರೆದಿರಲಿಲ್ಲ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೋ ಹಿತ್ತಲಿನ ಷೆಡ್ಡಿನಲ್ಲೋ ಪದ್ಮಿನಿಯ ಟೈಲ್ ಲ್ಯಾಂಪ್ ಗಾಜು ಇದ್ದರೆ ಗುಜರಿಗೆ ಹಾಕಬೇಡಿ. ಎಡಗಡೆಯದು ಬೇಕು. ಬಲಗಡೆಯವು ಅವರ ಹತ್ತಿರ ಏಳಿವೆ.